2045ಕ್ಕೆ ಬನ್ನಿ, ನೀರು ಕೊಡುತ್ತೇವೆ

ಅಂತೂ ನಮ್ಮ ಪಂಚಾಯತಿನ ಇಪ್ಪತ್ತು ವರ್ಷದ ದೂರದೃಷ್ಟಿ ಯೋಜನೆ ಹೊರಬಿತ್ತು. ವಾಟ್ಸಾಪಿನಲ್ಲಿ ನಿಮಗೂ ಬಂದಿರುತ್ತದೆ. ವಸತಿ, ಆರ್ಥಿಕತೆ, ಪರಿಸರ ಅಂತ ಮೂರು ಭಾಗ. ಮುಖಪುಟದಲ್ಲಿ ಗಾಜಿನ ಕಟ್ಟಡ, ಅದರ ಮುಂದೆ ಸೈಕಲ್ ತುಳಿಯುವ ಹುಡುಗಿ, ಹಿಂದೆ ಗಾಳಿಯಂತ್ರ. ಈ ಮೂರರಲ್ಲಿ ಒಂದೂ ನಮ್ಮೂರಿನದ್ದಲ್ಲ. ನಮ್ಮ ಏರಿನಲ್ಲಿ ಸೈಕಲನ್ನು ತುಳಿಯುವುದಿಲ್ಲ, ತಳ್ಳುತ್ತೇವೆ.

ಯಾವ ಪಂಚಾಯತು ಅಂತ ಹೇಳುವುದಿಲ್ಲ. ಕಾಸರಗೋಡು ಜಿಲ್ಲೆಯಲ್ಲಿ 38 ಗ್ರಾಮ ಪಂಚಾಯತುಗಳಿವೆ, ಮೇಲಿಂದ 3 ನಗರಸಭೆ. ಯಾರಿಗೆ ಚುಚ್ಚಿತೋ ಅವರು ತಮ್ಮದೇ ಅಂದುಕೊಳ್ಳಲಿ.

ಒಂದು ಮಾತ್ರ ಹೊಗಳಲೇಬೇಕು. ಈ ಏಪ್ರಿಲ್‌ನಲ್ಲಿ ನೀರಿನ ಟ್ಯಾಂಕರ್ ನಮ್ಮ ವಾರ್ಡಿಗೆ ಯಾವ ದಿನ ಬರುತ್ತದೆ ಅಂತ ಕೇಳಿದರೆ ಮೆಂಬರ್ ಫೋನು ಕಿವಿಗಿಟ್ಟುಕೊಂಡು ಆಚೆ ಹೋಗುತ್ತಾರೆ. 2045ರಲ್ಲಿ ನೀರು ಹೇಗೆ ಬರುತ್ತದೆ ಅಂತ ಕೇಳಿ ನೋಡಿ, ಬಣ್ಣದ ನಕ್ಷೆ ಸಮೇತ ತೋರಿಸುತ್ತಾರೆ. ಅಷ್ಟು ದೂರ ಕಾಣುವ ಕಣ್ಣಿಗೆ ಹತ್ತಿರದ್ದು ಮಂಜಾಗುವುದು ಸಹಜ ಅಲ್ವಾ, ವಯಸ್ಸಾದ ಮೇಲೆ ಎಲ್ಲರಿಗೂ ಬರುವ ಖಾಯಿಲೆ ಅದು.

ವಸತಿಯಿಂದ ಶುರು ಮಾಡೋಣ. 'ಎಲ್ಲರಿಗೂ ಘನತೆಯ ಮನೆ' ಅಂತ ಅಧ್ಯಾಯದ ಹೆಸರು. ಓದುತ್ತಾ ನಮ್ಮ ನೆರೆಕರೆಯ ಒಬ್ಬರ ನೆನಪಾಯಿತು. ಅವರಿಗೆ ಕೇರಳ ಸರಕಾರದ ಲೈಫ್ ವಸತಿ ಯೋಜನೆಯಲ್ಲಿ ಮನೆ ಪಾಸಾಗಿತ್ತು, 4 ಲಕ್ಷ ರೂಪಾಯಿ. ಮುರಕಲ್ಲಿಗೂ ಮರಳಿಗೂ ಈಗ ಇರುವ ರೇಟಿನಲ್ಲಿ ಆ ದುಡ್ಡಿಗೆ ಎಷ್ಟು ಘನತೆ ಬರುತ್ತದೆ ಅನ್ನುವುದು ಬೇರೆ ಮಾತು. ಪರ್ಮಿಟಿಗೆ ಹೋದರೆ ಕಿಟಕಿಯ ಆಚೆಯಿಂದ ಉತ್ತರ ಬಂತು: "ಅಣ್ಣಾ, ನಿಮ್ಮ ಜಾಗ ಡಾಟಾ ಬ್ಯಾಂಕಿನಲ್ಲಿ ಗದ್ದೆ ಅಂತ ಉಂಟು." ಡಾಟಾ ಬ್ಯಾಂಕ್ ಅಂದರೆ ಗದ್ದೆ, ತೇವದ ಜಾಗಗಳ ಸರಕಾರಿ ಪಟ್ಟಿ.

ಅವರ ಜಾಗ ಗುಡ್ಡದ ಇಳಿಜಾರು. ಅಲ್ಲಿ ಅಜ್ಜನ ಕಾಲದ ಗೇರುಮರಗಳಿವೆ. ಅಲ್ಲಿ ಭತ್ತ ಬೆಳೆಯಬೇಕಾದರೆ ಮೊದಲು ನೀರಿಗೆ ಮೇಲಕ್ಕೆ ಹರಿಯುವುದನ್ನು ಕಲಿಸಬೇಕು. ಆದರೂ ಪುಸ್ತಕದಲ್ಲಿ ಗದ್ದೆ ಅಂದರೆ ಗದ್ದೆಯೇ. ಕಾನೂನು ಕೆಟ್ಟದ್ದೇನಲ್ಲ. ಗದ್ದೆ, ತೇವದ ಜಾಗ ಉಳಿಯಬೇಕು ಅಂತ 2008ರಲ್ಲಿ ಬಂದದ್ದು, ಬೇಕಾದದ್ದೇ. ಆದರೆ ಪಟ್ಟಿ ಬರೆದವರು ಎಲ್ಲಿ ಕೂತು ಬರೆದರೋ. ಈಗ ಅದರಿಂದ ಹೊರಬರಲು ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಫಾರ್ಮ್ 5 ಹಾಕಬೇಕು, ಕೃಷಿ ಭವನದವರು ವರದಿ ಕೊಡಬೇಕು, 2008ರಲ್ಲಿ ಆ ಜಾಗ ಹೇಗಿತ್ತು ಅಂತ ಉಪಗ್ರಹದ ಚಿತ್ರ ತರಿಸಬೇಕು, ಆಮೇಲೆ ಕಂದಾಯ ಇಲಾಖೆಯ ಆರ್‌ಡಿಒ ಆಫೀಸಿನಲ್ಲಿ ಫೈಲು ಮಲಗಬೇಕು. ಕೊನೆಗೆ ಚಿತ್ರ ಬಂತು. ಆಕಾಶದಲ್ಲಿದ್ದ ಉಪಗ್ರಹಕ್ಕೆ ಗೇರುಮರ ಕಂಡಿದೆ. ನೆಲದ ಮೇಲೆ ನಿಂತವರಿಗೆ ಮಾತ್ರ ಭತ್ತ ಕಂಡಿತ್ತು.

ಇನ್ನು ಮಾರ್ಗದ ಬದಿಯ ನಿಜವಾದ ಗದ್ದೆಯ ಕಥೆ ನಿಮಗೆ ಗೊತ್ತೇ ಇದೆ. ರಾತ್ರಿ ಟಿಪ್ಪರ್ ಬಂತು, ಬೆಳಗಾಗುವಾಗ ಕೆಂಪು ಮಣ್ಣು. ಮುಂದಿನ ಮಳೆಗಾಲಕ್ಕೆ ಇಂಟರ್‌ಲಾಕ್, ಅದರ ಮುಂದಿನದ್ದಕ್ಕೆ ಎಸಿ ಆಡಿಟೋರಿಯಂ. ಅದಕ್ಕೆ ಫಾರ್ಮ್ 5 ಯಾರು ಹಾಕಿದರೋ, ಯಾವ ಉಪಗ್ರಹ ಏನು ನೋಡಿತೋ. 'ಸುಸ್ಥಿರ ಭೂ ಬಳಕೆ' ಅಂತ ನಾಲ್ಕು ಪುಟ ಇರುವ ಈ ಯೋಜನೆ ಬಿಡುಗಡೆಯಾದದ್ದು ಅದೇ ಆಡಿಟೋರಿಯಂನಲ್ಲಿ. ಊಟ ಚೆನ್ನಾಗಿತ್ತಂತೆ.

ಆರ್ಥಿಕತೆಯ ಭಾಗ ಬೇಗ ಮುಗಿಸುತ್ತೇನೆ, ಅವರೂ ಬೇಗ ಮುಗಿಸಿದ್ದಾರೆ. ಐಟಿ ಪಾರ್ಕ್, ಟೂರಿಸಂ ಹಬ್, ಅಡಿಕೆಯ ಮೌಲ್ಯವರ್ಧನೆ. ಅಡಿಕೆಗೆ ಹಳದಿ ರೋಗವೂ ಎಲೆಚುಕ್ಕಿಯೂ ಬಂದು ತೋಟ ಬೋಳಾಗುತ್ತಿರುವಾಗ ಯಾವುದರ ಮೌಲ್ಯ ವರ್ಧಿಸುವುದು ಅಂತ ಬರೆದಿಲ್ಲ. ಅಷ್ಟಕ್ಕೂ ನಮ್ಮ ಜಿಲ್ಲೆಗೆ ಯೋಜನೆಗಳ ಬರ ಯಾವತ್ತಿತ್ತು? ಜಿಲ್ಲೆಯ ಅಭಿವೃದ್ಧಿಗೆ ಏನು ಬೇಕು ಅಂತ ನೋಡಲು ಸರಕಾರ ನೇಮಿಸಿದ್ದ ಪ್ರಭಾಕರನ್ ಆಯೋಗ 2012ರಲ್ಲಿ ವರದಿ ಕೊಟ್ಟು, ಜಿಲ್ಲೆ ಉದ್ಧಾರ ಆಗಬೇಕಾದರೆ 11,000 ಕೋಟಿಗೂ ಜಾಸ್ತಿ ಬೇಕು ಅಂದಿತ್ತು. ಅದೂ ದಪ್ಪ ಪುಸ್ತಕವೇ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಶಂಕುಸ್ಥಾಪನೆ ಆದದ್ದು 2013ರ ನವೆಂಬರ್ 30ಕ್ಕೆ. ಎಂಬಿಬಿಎಸ್‌ಗೆ 50 ಸೀಟು ಸಿಕ್ಕಿದ್ದು 2025ರಲ್ಲಿ. ಕಲ್ಲು ಹಾಕಿದ ದಿನ ಹುಟ್ಟಿದ ಮಗು ಆಗ ಏಳನೇ ಕ್ಲಾಸಿಗೆ ಬಂದಿತ್ತು. ಇನ್ನೂ ಸ್ವಲ್ಪ ತಡ ಮಾಡಿದ್ದರೆ ಅದೇ ಮಗು ಅಲ್ಲೇ ಸೇರಿ ಡಾಕ್ಟರಾಗಬಹುದಿತ್ತು, ಅವಸರ ಮಾಡಿದರು. ಅಲ್ಲಿಯವರೆಗೆ ನಮಗೆ ಎದೆನೋವು ಬಂದರೆ ಮಂಗಳೂರು, ಮಗಳಿಗೆ ಕಾಲೇಜು ಬೇಕಾದರೆ ಮಂಗಳೂರು, ಮದುವೆ ಸೀರೆಗೂ ಮಂಗಳೂರು. ನಮ್ಮ ಪಂಚಾಯತಿನ ಆರ್ಥಿಕತೆ ಬೆಳೆಯುತ್ತಿಲ್ಲ ಅಂತ ಯಾರು ಹೇಳಿದ್ದು? ಬೆಳೆಯುತ್ತಿದೆ, ತಲಪಾಡಿ ಗಡಿಯ ಆಚೆ.

ಪರಿಸರದ ಭಾಗಕ್ಕೆ ಬಂದಾಗ ನನಗೆ ಖುಷಿಯಾಯಿತು, ಯಾಕೆಂದರೆ ಅಲ್ಲಿ ಆಮೆ ಇದೆ. ನಮ್ಮ ಜಿಲ್ಲೆಗೆ ಸ್ವಂತ ಮರ, ಹೂ, ಹಕ್ಕಿ, ಪ್ರಾಣಿ ಇದೆ ಗೊತ್ತಲ್ಲ, 2023ರಲ್ಲಿ ಜಿಲ್ಲಾ ಪಂಚಾಯತು ಘೋಷಿಸಿದ್ದು. ಹಕ್ಕಿ ಬಿಳಿಹೊಟ್ಟೆಯ ಕಡಲ ಹದ್ದು. ಹೂವು ಪೆರಿಯ ಪೊಳತ್ತಾಳಿ. ಮರ ಕಾಸರಕ, ಬೀಜ ಪೂರ್ತಿ ವಿಷ. ಪ್ರಾಣಿ ಅಂದರೆ ಚಂದ್ರಗಿರಿ ಹೊಳೆಯಲ್ಲಿರುವ ಕ್ಯಾಂಟರ್ ದೈತ್ಯ ಮೆದುಚಿಪ್ಪಿನ ಆಮೆ. ಈ ಆಮೆಯ ಬಗ್ಗೆ ತಿಳಿದವರು ಹೇಳುವುದು ಕೇಳಿ. ಬದುಕಿನ ಬಹುಪಾಲು ಹೊತ್ತು ಮರಳಿನ ಅಡಿಯಲ್ಲಿ ಹೂತುಕೊಂಡು, ಕಣ್ಣು ಮೂಗು ಮಾತ್ರ ಹೊರಗಿಟ್ಟು, ಅಲುಗಾಡದೆ ಇರುತ್ತದೆ. ದಿನಕ್ಕೆ ಎರಡು ಸಲ ಉಸಿರಾಡಲು ಮೇಲೆ ಬರುತ್ತದೆ. ನಾನು ಇದನ್ನು ಓದಿ ಎದ್ದು ನಿಂತು ಚಪ್ಪಾಳೆ ಹೊಡೆದೆ. ಇಷ್ಟು ಸರಿಯಾದ ಆಯ್ಕೆ ಯಾವ ಸರಕಾರವೂ ಮಾಡಿಲ್ಲ. ನಮ್ಮ ಆಫೀಸುಗಳ ಫೈಲಿಗೂ ಇದಕ್ಕೂ ಇರುವ ವ್ಯತ್ಯಾಸ ಒಂದೇ, ಫೈಲಿಗೆ ದಿನಕ್ಕೆ ಎರಡು ಸಲ ಮೇಲೆ ಬರುವ ಅಭ್ಯಾಸ ಇಲ್ಲ. ಮತ್ತೆ, ಪಾಪ, ಆಮೆಗೆ ಹೂತುಕೊಳ್ಳಲು ಮರಳು ಬೇಕು. ಆ ಮರಳನ್ನು ರಾತ್ರಿ ದೋಣಿಯಲ್ಲಿ ತುಂಬಿಸಿಕೊಂಡು ಹೋಗುವವರ ಬಗ್ಗೆ ಯೋಜನೆಯಲ್ಲಿ ಸಾಲೊಂದೂ ಇಲ್ಲ. ಬಹುಶಃ ಅದು ಆರ್ಥಿಕತೆಯ ಭಾಗಕ್ಕೆ ಸೇರುತ್ತದೆ.

ಆಮೇಲೆ ನೀರು. ಕೇರಳದ 44 ಹೊಳೆಗಳಲ್ಲಿ 12 ನಮ್ಮ ಜಿಲ್ಲೆಯವು. ಮಳೆ ಸುರಿಯುವುದು ನೋಡಿದರೆ ಯಾರೂ ನಂಬಲಿಕ್ಕಿಲ್ಲ, ಆದರೆ ಅಂತರ್ಜಲ ಅಪಾಯದ ಮಟ್ಟಕ್ಕಿಳಿದ ಬ್ಲಾಕುಗಳ ಪಟ್ಟಿಯಲ್ಲಿ ಕಾಸರಗೋಡು ಬ್ಲಾಕಿನ ಹೆಸರು ಬಂದದ್ದುಂಟು. ಪೇಟೆಯವರು ಎಷ್ಟೋ ವರ್ಷ ಬೇಸಿಗೆಯಲ್ಲಿ ನಳ್ಳಿಯಿಂದ ಉಪ್ಪುನೀರು ಕುಡಿದರು. ಸಮುದ್ರದ ಉಪ್ಪು ಹೊಳೆಗೆ ಏರದಂತೆ ಬಾವಿಕ್ಕೆರೆಯಲ್ಲಿ ವರ್ಷವೂ ಮರಳಿನ ಚೀಲದ ಕಟ್ಟ ಕಟ್ಟುವುದು, ಮಳೆಗೆ ಅದು ಹೋಗುವುದು, ಪುನಃ ಟೆಂಡರ್. ಗಟ್ಟಿ ಕಟ್ಟ ಆಗಲು 2021 ಬರಬೇಕಾಯಿತು. ಯೋಜನೆಯಲ್ಲಿ ಇದಕ್ಕೆಲ್ಲ ಪರಿಹಾರವಾಗಿ ಸುರಂಗದ ಫೋಟೋ ಹಾಕಿದ್ದಾರೆ. 'ಪಾರಂಪರಿಕ ಜಲ ಜ್ಞಾನ'ವಂತೆ. ಹೌದು, ನಮ್ಮ ಹಿರಿಯರು ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದು, ಪಂಪೂ ಕರೆಂಟೂ ಇಲ್ಲದೆ ತೋಟಕ್ಕೆ ನೀರು ಹರಿಸಿದರು. ಆದರೆ ಸುರಂಗಕ್ಕೆ ಗುಡ್ಡ ಬೇಕಲ್ಲ ಮಾರಾಯ್ರೇ! ಹೆದ್ದಾರಿಗೆ ಅಂತ ಅರ್ಧ ಗುಡ್ಡ ಹೋಯಿತು, ಕಲ್ಲಿನ ಕೋರೆಗೆ ಉಳಿದರ್ಧ. ಮೇಲೆ ಬೋರ್‌ವೆಲ್ ಲಾರಿ ನಿಂತಿದೆ, ಕೆಳಗೆ ಸುರಂಗದ ಬಾಯಿಯಲ್ಲಿ ಫೋಟೋ ತೆಗೆಯುವವರು ನಿಂತಿದ್ದಾರೆ.

ತಮಾಷೆ ಇಲ್ಲಿಗೆ ಸಾಕು. ಪರಿಸರದ ಭಾಗ ಪೂರ್ತಿ ಎರಡು ಸಲ ಓದಿದೆ. ಎಂಡೋಸಲ್ಫಾನ್ ಎಂಬ ಕೀಟನಾಶಕದ ಹೆಸರು ಎಲ್ಲೂ ಇಲ್ಲ. ಕಾಸರಗೋಡಿನಲ್ಲಿ ಕೂತು ಪರಿಸರದ ಬಗ್ಗೆ ಬರೆಯುತ್ತಾರೆ, ಎರಡು ದಶಕಕ್ಕೂ ಹೆಚ್ಚು ಕಾಲ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ವಿಷ ನೆನಪಾಗುವುದಿಲ್ಲ. ನಿಂತದ್ದು 2000ದಲ್ಲಿ. ಸಂತ್ರಸ್ತರಿಗೆ ಮೂರು ತಿಂಗಳಲ್ಲಿ ತಲಾ 5 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2017ರಲ್ಲಿ. ಯಾಕೆ ಇನ್ನೂ ಕೊಟ್ಟಿಲ್ಲ ಅಂತ ಅದೇ ಕೋರ್ಟು ಮತ್ತೆ ಬೈದದ್ದು 2022ರಲ್ಲಿ. ಹಾಸಿಗೆ ಬಿಟ್ಟು ಏಳಲಾಗದ ಮೂವತ್ತು, ನಲವತ್ತರ ಮಕ್ಕಳನ್ನು ಎತ್ತಿ ಕೂರಿಸುವ ಅಮ್ಮಂದಿರು ಈ ಊರಿನಲ್ಲಿದ್ದಾರೆ. ಅವರಿಗೆ ಬಿದ್ದಿರುವ ಚಿಂತೆ ಒಂದೇ, ತಾವು ಹೋದ ಮೇಲೆ ಈ ಮಗುವನ್ನು ಯಾರು ನೋಡುತ್ತಾರೆ ಅಂತ. ಇಪ್ಪತ್ತು ವರ್ಷ ಮುಂದಿನದ್ದನ್ನು ಯೋಚನೆ ಮಾಡುವುದು ಅಂದರೆ ಅದು. ಗಾಳಿಯಂತ್ರ ಅಲ್ಲ. ಒಂದು ಪುಟ ಬೇಡ, ಒಂದು ಪ್ಯಾರಾ ಬರೆಯಬಹುದಿತ್ತು.

ಇರಲಿ. ಆಕ್ಷೇಪಣೆ ಇದ್ದವರು 30 ದಿನದೊಳಗೆ ಬರೆದು ಕೊಡಬೇಕು ಅಂತ ನೋಟೀಸ್ ಬೋರ್ಡಿನಲ್ಲಿ ಅಂಟಿಸಿದ್ದಾರೆ. ಯೋಜನೆ ಇರುವುದು ಇಂಗ್ಲಿಷಿನಲ್ಲಿ ಮತ್ತು ಮಲಯಾಳದಲ್ಲಿ. ಅರ್ಧಕ್ಕರ್ಧ ಮನೆಗಳಲ್ಲಿ ಕನ್ನಡ ಪೇಪರ್ ಬರುವ ಪಂಚಾಯತು ಇದು. ಕನ್ನಡ ಪ್ರತಿ ಯಾವಾಗ ಅಂತ ಕೌಂಟರಿನಲ್ಲಿ ಕೇಳಿದೆ. "ಎರಡನೇ ಹಂತದಲ್ಲಿ ಸರ್" ಅಂದರು. ಎರಡನೇ ಹಂತ ಅಂದರೆ ಯೋಜನೆಯ ಪ್ರಕಾರ 2030ರ ನಂತರ. ಆಕ್ಷೇಪಣೆಯನ್ನೂ ಆಗಲೇ ಕೊಡಬಹುದಾ ಅಂದೆ. ಆ ಹುಡುಗ ಪಾಪ ನಗಲೂ ಇಲ್ಲ, ಒಳಗೆ ಹೋಗಿ ಕೇಳಿಕೊಂಡು ಬಂದು, ಅದಕ್ಕೂ ಒಂದು ಅರ್ಜಿ ಕೊಡಿ ಅಂದ.