ಎಕರೆಗೆ ಎಷ್ಟು?

ಇವತ್ತು ಬೆಳಿಗ್ಗೆ ದೇವರಿಗೆ ಒಂದು ದಾಸವಾಳ ಕೀಳೋಣ ಅಂತ ಹೋದರೆ, ಮೊಗ್ಗಿನ ಮೇಲೆಲ್ಲ ಅಕ್ಕಿಹಿಟ್ಟು ಉದುರಿಸಿದ ಹಾಗೆ ಬೆಳ್ಳಗೆ. ಮುಟ್ಟಿದರೆ ಬೆರಳೆಲ್ಲ ಅಂಟಂಟು. ಹೋದ ವಾರವಷ್ಟೇ ಒಂದೊಂದೇ ಎಲೆ ತಿರುಗಿಸಿ ತಿರುಗಿಸಿ ತೊಳೆದಿದ್ದೆ! ಈ ಹುಳಕ್ಕೆ ಹಿಟ್ಟುತಿಗಣೆ ಅಂತ ಹೆಸರಿಟ್ಟವರು ಖಂಡಿತ ನೊಂದವರೇ ಇರಬೇಕು.

ಚಿಕ್ಕಮಗಳೂರಲ್ಲಿ ಮಾತ್ರ ಗಿಡಕ್ಕೆ ಹುಳ ಬಿದ್ದಿದೆ ಅಂತ ಬಾಯಿ ಬಿಡಬಾರದು. ಕಾಫಿ ತೋಟದ ನೆಂಟರಿಲ್ಲದ ಮನೆ ಇಲ್ಲಿ ಎಲ್ಲಿದೆ? ನಮಗೆ ಆಲ್ದೂರು ಕಡೆಯ ಭಾವ ಇದ್ದಾರೆ. ನನ್ನದು ವರಾಂಡದಲ್ಲಿ ಐದು ಕುಂಡ. ಭಾವನ ಬಾಯಲ್ಲಿ ಅದು 'ನಿಮ್ಮ ತೋಟ'.

"ಒಂದು ಬ್ಯಾರಲ್‌ಗೆ ಒಂದು ಲೀಟರ್ ಬೇವಿನೆಣ್ಣೆ ಹಾಕಿ ಹೊಡೆಸಿಬಿಡಮ್ಮ" ಅಂದಿದ್ದರು ಮೊದಲ ಸಲ ಕೇಳಿದಾಗ, ಫೋನಿನಲ್ಲಿ.

ಹೊಡಿ ಅಲ್ಲ, ಹೊಡೆಸು. ಯಾರ ಕೈಲಿ? ಬ್ಯಾರಲ್ ಅಂದರೆ 200 ಲೀಟರ್. ನನ್ನ ಹತ್ತಿರ ಇರುವುದು ಇಸ್ತ್ರಿ ಬಟ್ಟೆಗೆ ನೀರು ಚಿಮುಕಿಸುವ ಬಾಟಲಿ. ಏಳನೇ ಕ್ಲಾಸಿನ ಮಗನನ್ನು ಕೂರಿಸಿ ಲೆಕ್ಕ ಹಾಕಿಸಿದೆ. ಲೀಟರಿಗೆ 5 ಮಿಲಿ. ಒಂದು ಟೀ ಚಮಚ! ಅಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಎಣ್ಣೆ ನೀರಿಗೆ ಸೇರುವುದಿಲ್ಲವಲ್ಲ, ಸೋಪು ಎಷ್ಟು ಅಂತ ಕೇಳಿದೆ. "ಬ್ಯಾರಲ್‌ಗೆ ಅರ್ಧ ಕೇಜಿ." ಮಗ ಮತ್ತೆ ಪೆನ್ಸಿಲ್ ಹುಡುಕಿಕೊಂಡು ಹೋದ.

ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತೆ ಅಂತ ಸಂಜೆ ಹೊಡೆದೆ. "ದೀಪ ಹಚ್ಚೋ ಹೊತ್ತಲ್ಲಿ ಇದೇನೇ ನಾತ" ಅಂತ ಅತ್ತೆ ಮೂಗಿಗೆ ಸೆರಗು ಹಿಡಿದುಕೊಂಡೇ ಮಂಗಳಾರತಿ ಮಾಡಿದರು.

ಅದೂ ಸಾಲದು ಅನ್ನಿಸಿ ಭಾನುವಾರ ಹಲ್ಲುಕಡ್ಡಿ ಹಿಡಿದು ಕೂತೆ. ಸಣ್ಣವು ಹಾಳಾಗಲಿ, ದಪ್ಪಗೆ ಬೆಳೆದ ಏಳನ್ನು ಹೆಕ್ಕಿ ಸೋಪಿನ ನೀರಲ್ಲಿ ಮುಳುಗಿಸಿ, ಉಪ್ಪಿನಕಾಯಿ ಬಾಟಲಿಯ ಮುಚ್ಚಳದಲ್ಲಿ ಸಾಲಾಗಿ ಮಲಗಿಸಿದೆ. ಅದೇ ಹೊತ್ತಿಗೆ ಭಾವ ಬಂದರು. ಕಾಫಿಯ ಜೊತೆಗೆ ಮುಚ್ಚಳವನ್ನೂ ಹೆಮ್ಮೆಯಿಂದ ಮುಂದಿಟ್ಟೆ.

ಕನ್ನಡಕ ಏರಿಸಿ ನೋಡಿದರು. "ಇವು ಓಡ್ತಿದ್ವಾ?"

"ಹೂಂ ಭಾವ, ಹಿಡಿಯೋಕೆ ಸಾಕಾಯ್ತು!"

ಭಾವ ಲೋಟ ಕೆಳಗಿಟ್ಟರು. ಸಾವಿನ ಮನೆಗೆ ಬಂದವರ ಹಾಗೆ ಸ್ವಲ್ಪ ಹೊತ್ತು ಮಾತೇ ಇಲ್ಲ. "ಹಿಟ್ಟುತಿಗಣೆ ಎಲ್ಲಮ್ಮ ಓಡುತ್ತೆ? ಇವು ಅದನ್ನ ತಿನ್ನೋ ಗುಲಗಂಜಿ ಹುಳದ ಮರಿಗಳು. ನಾವು ದುಡ್ಡು ಕೊಟ್ಟು ತಂದು ತೋಟಕ್ಕೆ ಬಿಡ್ತೀವಿ."

ಮೈಮೇಲೆ ಅದೇ ಬಿಳಿ ಮೇಣದ ಕುಚ್ಚು, ಅದೇ ವೇಷ. ನನಗೇನು ಗೊತ್ತು? 1898ರಲ್ಲಿ ಕಾಫಿಯ ಇನ್ಯಾವುದೋ ಕೀಟಕ್ಕೆಂದು ಆಸ್ಟ್ರೇಲಿಯಾದಿಂದ ತರಿಸಿದ ಜಾತಿಯಂತೆ. ಆ ಕೆಲಸ ಕೈಹಿಡಿಯದೆ ಹಿಟ್ಟುತಿಗಣೆಯ ಊಟಕ್ಕೆ ಇಲ್ಲೇ ಒಗ್ಗಿಕೊಂಡಿತಂತೆ. ಅಷ್ಟು ದೂರದಿಂದ ಬಂದವರ ವಂಶ ನನ್ನ ಹಲ್ಲುಕಡ್ಡಿಯಲ್ಲಿ ಮುಗಿಯಿತು. ಮೊನ್ನೆ ಗೃಹಪ್ರವೇಶವೊಂದರಲ್ಲಿ ಪಾಯಸ ಬಡಿಸುವ ಹೊತ್ತಿಗೆ ಇಡೀ ಪಂಕ್ತಿಗೆ ಈ ಕಥೆ ಗೊತ್ತಾಗಿತ್ತು. ಎರಡನೇ ಪಂಕ್ತಿಗೆ ಹೋಗುವಷ್ಟರಲ್ಲಿ ಏಳು ಮರಿ ಇಪ್ಪತ್ತಾಗಿದ್ದವು.

ಇರುವೆಗಳದ್ದು ಬೇರೆಯೇ ದರ್ಬಾರು. ತಿಗಣೆ ಸುರಿಸುವ ಸಿಹಿ ಅಂಟಿನ ಆಸೆಗೆ ದನ ಕಾದ ಹಾಗೆ ಕಾಯುತ್ತವೆ, ಗುಲಗಂಜಿ ಬಂದರೆ ಅಟ್ಟುತ್ತವೆ. ಕುಂಡದ ಕಾಲಿಗೆ ನೀರಿನ ತಟ್ಟೆ ಇಟ್ಟೆ. ಗೋಡೆಗೆ ತಾಗಿದ ಒಂದು ರೆಂಬೆ ಸಾಕಾಯಿತು ಅವಕ್ಕೆ.

ಕಿತ್ತು ಬಿಸಾಡಿ ಅನ್ನುತ್ತಾರೆ ಯಜಮಾನರು. ಸಕಲೇಶಪುರದ ಮನೆ ಕೊಡುವಾಗ ಅಮ್ಮನ ಗಿಡದಿಂದ ಮುರಿದು ತಂದ ಕಡ್ಡಿ ಅದು. ಅಮ್ಮ ಹಂಡೆ ಒಲೆಯ ಬೂದಿಯನ್ನು ಬೆಳಗಿನ ಇಬ್ಬನಿಯಲ್ಲೇ ಎಲೆಗೆ ಎರಚಿ, ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋಗುತ್ತಿದ್ದಳು. ಹುಳ ಸಾಯುತ್ತಿತ್ತೋ ಏನೋ, ತಿರುಗಿ ನೋಡಿದವಳಲ್ಲ. ನಮ್ಮದು ಗೀಸರ್ ಮನೆ, ಹಿಡಿ ಬೂದಿ ಬೇಕೆಂದರೂ ಯಾರನ್ನು ಕೇಳಲಿ?

ಇವತ್ತು ಬಾಟಲಿ ಎತ್ತಿದವಳು ಹಾಗೇ ನಿಂತೆ. ಮೊಗ್ಗಿನ ಸಂದಿಯಿಂದ ದಪ್ಪದೊಂದು ಸರಸರ ಓಡಿತು. ದೇವರಿಗೆ ತುಳಸಿಯೇ ಸಾಕು ಅಂತ ಬಾಟಲಿ ಕೆಳಗಿಟ್ಟು ಭಾವನಿಗೆ ಫೋನ್ ಮಾಡಿದೆ.

"ಭಾವ, ಒಂದು ಮರಿ ಉಳಿದಿದೆ!"

"ಎಕರೆಗೆ ಒಂದಾ? ಸಾಲದಮ್ಮ."