ಟಿಕೆಟ್ ತಗೊಂಡು ಬಂದ ಕೋಣಗಳು

ಕಾಸು ಕೊಟ್ಟು ಟಿಕೆಟ್ ತಗೊಂಡು ಹಾಡು ಕೇಳೋಕೆ ಅಂತ ಬಂದು, ಹಾಡು ಶುರುವಾದ ತಕ್ಷಣ ಸ್ಟೇಜಿಗೆ ಬೆನ್ನು ಹಾಕ್ಕೊಂಡು ನಿಂತು ಒಂದೂವರೆ ಗಂಟೆ ಆಫೀಸ್ ಪುರಾಣ ಬಿಚ್ಚೋ ಜನರ ತಲೇಲಿ ಏನಿರುತ್ತೆ, ಯಾರಾದ್ರೂ ಹೇಳ್ರಪ್ಪಾ. ನಿನ್ನೆ ರಾತ್ರಿಯಿಂದ ತಲೆ ಕೆಟ್ಟೋಗಿದೆ ನಂಗೆ.

ಎರಡು ವರ್ಷದಿಂದ ಲೈವ್ ಕೇಳ್ಬೇಕು ಅಂತ ಕಾಯ್ತಿದ್ದ ಬ್ಯಾಂಡು. ಐದು ಜನ. ಅಕೂಸ್ಟಿಕ್ ಗಿಟಾರು, ಬ್ಯಾಂಜೋ, ಪಿಟೀಲು, ಬೇಸು, ಡ್ರಮ್ಸು. ದೊಡ್ಡ ಹೆಸರೇನಿಲ್ಲ, ಈಗೀಗ ಬಾಯಿಂದ ಬಾಯಿಗೆ ಹರಡ್ತಿದೆ ಅಷ್ಟೆ. ಚಿಕ್ಕ ಹಾಲು, ಹೆಚ್ಚಂದ್ರೆ ನೂರು ಜನ. ನಾನು ಖುಷಿಪಟ್ಟಿದ್ದೇ ಅದಕ್ಕೆ, ಯಾಕಂದ್ರೆ ನಾಳೆ ಇವ್ರು ದೊಡ್ಡ ಸ್ಟೇಜಿಗೆ ಹೋದ್ಮೇಲೆ ಪಿಟೀಲಿನ ಕಮಾನು ತಂತಿಗೆ ತಾಗೋ ಆ ಸದ್ದು, ಸಾಲು ಹಿಡಿಯೋ ಮುಂಚೆ ಹಾಡೋಳು ಉಸಿರು ಎಳ್ಕೊಳೋದು, ಇದೆಲ್ಲ ಕೇಳೋಕೆ ಸಿಗಲ್ಲ.

ನಂಗೆ ಕೇಳ್ಸಿದ್ದೇನು? ನನ್ನ ಹಿಂದೆ ನಿಂತಿದ್ದ ಮಹಾಶಯನ ಕಾರ್ ಲೋನ್ ಕಥೆ. ಬಡ್ಡಿ ಸಮೇತ.

ಡ್ರಮ್ಸ್ ಇರೋ ಹಾಡುಗಳಲ್ಲಿ ಹೆಂಗೋ ತಡ್ಕೊಂಡೆ. ಆದ್ರೆ ಈ ಮಾತು ಅನ್ನೋದು ಅಂಟುರೋಗ ಇದ್ದಂಗೆ, ಸುತ್ತ ಗದ್ದಲ ಇದ್ರೆ ಮನುಷ್ಯ ತನಗೇ ಗೊತ್ತಿಲ್ದಂಗೆ ದನಿ ಏರಿಸ್ತಾನೆ. ಲೊಂಬಾರ್ಡ್ ಅನ್ನೋ ಫ್ರೆಂಚ್ ಡಾಕ್ಟ್ರು 1911ರಲ್ಲೇ ಇದನ್ನ ಹೇಳಿದ್ರು. ಈ ಗುಂಪು ಜೋರಾಗಿ ಮಾತಾಡುತ್ತೆ, ಆ ಗುಂಪಿಗೆ ತಮ್ಮ ಮಾತು ಕೇಳ್ಸಲ್ಲ, ಅವ್ರೂ ಕಿರಚ್ತಾರೆ, ನಾಲ್ಕನೇ ಹಾಡಿಗೆ ಇಡೀ ಹಾಲು ಸಂತೆ. ಅದರ ಮೇಲೆ ಹಿಂದಿಂದ ಒಬ್ಬ "ಸೌಂಡ್ ಜಾಸ್ತಿ ಮಾಡ್ರೀ" ಅಂತಾನೆ! ಅಯ್ಯಾ, ಅದು ಟೊಳ್ಳು ಮರದ ಗಿಟಾರು, ಸ್ಪೀಕರಿಂದ ಬಂದ ಸದ್ದಿಗೆ ಅದರ ಹೊಟ್ಟೆನೇ ಅದುರಿ, ಅದು ಗಿಟಾರಿನ ಸದ್ದು ಹಿಡಿಯೋ ಪಿಕಪ್ಪಿಗೆ ಹೋಗಿ, ಮತ್ತೆ ಸ್ಪೀಕರಿಗೆ ಬಂದು ಗುಂಯ್ ಅಂತ ಶುರುವಾಗುತ್ತೆ, ಸೌಂಡ್ ಇಂಜಿನಿಯರ್ ಪಾಪ ಆ ಗುಂಯ್ ಬರ್ದೇ ಇರೋ ಗೆರೆ ಮೇಲೆನೇ ಸೌಂಡ್ ಏರಿಸಿ ಇಳಿಸೋ ಫೇಡರ್ ಹಿಡ್ಕೊಂಡು ಕೂತಿರ್ತಾನೆ. ಅವನ ಕೈಲಿ ಇನ್ನೇನೂ ಇಲ್ಲ. ನೀನು ಬಾಯಿ ಮುಚ್ಚಿದ್ರೆ ಅದೇ ಜಾಸ್ತಿ ಮಾಡ್ದಂಗೆ.

ಆಮೇಲೆ ಬಂತು ನೋಡಿ ಆ ಹಾಡು. ಡ್ರಮ್ಸ್ ಹುಡುಗ ಕಡ್ಡಿ ಕೆಳಗಿಟ್ಟ. ಉಳಿದೋರು ಕೇಬಲ್ ಕಿತ್ತು ಸ್ಟೇಜಿನ ತುದಿಗೆ ಬಂದ್ರು, ಮೈಕ್ ಇಲ್ಲ ಏನಿಲ್ಲ, ಬರೀ ಗಂಟಲು. ಹಾಡೋಳು ನನ್ನಿಂದ 8 ಮೀಟರ್ ದೂರ, ಕಾರ್ ಲೋನ್ ಒಂದೇ ಮೀಟರ್. ದೂರ ಡಬಲ್ ಆದಾಗೆಲ್ಲ ಸುಮಾರು 6 ಡೆಸಿಬಲ್ ಕಮ್ಮಿ ಆಗುತ್ತೆ, ಗೋಡೆಯಿಂದ ವಾಪಸ್ ಬರೋದನ್ನ ಬಿಟ್ರೆ ಹತ್ರ ಹತ್ರ 18 ಡೆಸಿಬಲ್ ಇವನ ಪರವಾಗಿದೆ. ಆ ತಾಯಿ ಎಷ್ಟು ಗಂಟಲು ಹರ್ಕೊಂಡ್ರೂ ಗೆಲ್ಲಲ್ಲ.

ತಡೀಲಾರ್ದೆ "ಶ್..." ಅಂದೆ. ಅವನಿಗೆ ಏನೂ ಆಗ್ಲಿಲ್ಲ. ನನ್ನ ಮುಂದೆ ಕಣ್ಣು ಮುಚ್ಕೊಂಡು ಕೇಳ್ತಿದ್ದ ಹುಡುಗಿ ತಿರುಗಿ ನನ್ನನ್ನೇ ದುರುಗುಟ್ಟಿ ನೋಡಿದ್ಲು. ಹೌದು ತಾಯಿ, ಗದ್ದಲ ಮಾಡ್ದೋನು ನಾನೇ, ಕ್ಷಮ್ಸು.

ಕೋಣನ ಮುಂದೆ ಕಿನ್ನರಿ ಬಾರಿಸಿದಂಗೆ ಅಂತಾರಲ್ಲ, ಆ ಮಾತು ಕೋಣಕ್ಕೆ ಅವಮಾನ. ಕೋಣ ಸುಮ್ನೆ ನಿಂತಾದ್ರೂ ನಿಂತಿರುತ್ತೆ, ಪಕ್ಕದ ಕೋಣಕ್ಕೆ ಇಎಂಐ ಲೆಕ್ಕ ಹೇಳಲ್ಲ. 1965ರಲ್ಲಿ ಅಮೆರಿಕದ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಅಕೂಸ್ಟಿಕ್ ಗಿಟಾರಿಗೆ ಹೆಸರಾಗಿದ್ದ ಹಾಡುಗಾರ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದಾಗ ಜನ ಕೂಗಾಡಿದ್ರು ಅಂತ ಇವತ್ತಿಗೂ ಆಡ್ಕೋತಾರೆ, ನಂಗೆ ನಿನ್ನೆ ಅವ್ರ ಮೇಲೆ ಗೌರವ ಬಂತು. ಕೂಗೋಕಾದ್ರೂ ಸ್ಟೇಜ್ ಕಡೆ ಮುಖ ಮಾಡಿದ್ರಲ್ಲ. "ನನ್ನ ದುಡ್ಡು ನನ್ನಿಷ್ಟ" ಅನ್ನೋರಿಗೆ ಒಂದೇ ಮಾತು, ನಾನೂ ಅಷ್ಟೇ ದುಡ್ಡು ಕೊಟ್ಟಿದ್ದೆ ಸ್ವಾಮಿ, ನಿಮ್ಮ ಕಾರಿಗಲ್ಲ.

ಶೋ ಮುಗಿದ್ಮೇಲೆ ಟೀ ಶರ್ಟ್, ರೆಕಾರ್ಡ್ ಇಟ್ಟಿದ್ದ ಟೇಬಲ್ ಹತ್ರ ಹೋದೆ. ಇಂಥ ಬ್ಯಾಂಡುಗಳ ಮುಂದಿನ ಊರಿನ ಪೆಟ್ರೋಲ್ ಹುಟ್ಟೋದೇ ಅಲ್ಲಿ, ಸ್ಟ್ರೀಮಿಂಗಲ್ಲಿ ಏನು ಸಿಗುತ್ತೆ ಮಣ್ಣು, ಸ್ಪಾಟಿಫೈನಲ್ಲಿ 2024ರಿಂದ ವರ್ಷಕ್ಕೆ 1000 ಸಲ ಪ್ಲೇ ಆಗ್ದೇ ಇರೋ ಹಾಡಿಗೆ ಅದೂ ಇಲ್ಲ. ಕ್ಯೂನಲ್ಲಿ ನನ್ನ ಮುಂದೆ ಯಾರು ಅಂದ್ಕೊಂಡ್ರಿ? ಅವನೇ. ಕಾರ್ ಲೋನ್. ಗಂಟಲು ಬೇರೆ ಕಟ್ಕೊಂಡಿದೆ, ಕಟ್ಟದೆ ಏನು.

"ಮೇಡಂ ಸೂಪರ್! ಆ ಮೈಕ್ ಇಲ್ದೆ ಹಾಡಿದ್ರಲ್ಲ, ಅದು ಯಾವ ಆಲ್ಬಂದು?" ಅಂದ.

ಅವಳು ನಗ್ತಾನೇ ಹೇಳಿದ್ಲು, "ಇಲ್ಲ ಸರ್, ಹೊಸದು. ಇವತ್ತೇ ಫಸ್ಟ್ ಟೈಮ್ ಹಾಡಿದ್ದು. ಇನ್ನೂ ರೆಕಾರ್ಡ್ ಮಾಡಿಲ್ಲ."