ಇವಾಹಿಗ್ ಜೈಲಿನ ಫೋಟೋಗಳಲ್ಲಿ ಮುಖ ಯಾಕಿಲ್ಲ ಅಂದ್ರೆ...

ಫಿಲಿಪೀನ್ಸ್‌ನ ಪಲಾವಾನ್ ದ್ವೀಪಕ್ಕೆ ಹೋದವರೆಲ್ಲ ನೆಲದಡಿಯ ನದಿ, ನೀಲಿ ಸಮುದ್ರದ ಫೋಟೋ ಹಾಕ್ತಾರೆ. ನಾನು ಜೈಲಿನ ಫೋಟೋ ಹಾಕಿದ್ದಕ್ಕೆ ಇನ್‌ಬಾಕ್ಸ್ ತುಂಬ ಎರಡೇ ಪ್ರಶ್ನೆ. "ಒಳಗೆ ಬಿಡ್ತಾರಾ?" ಮತ್ತು "ಒಬ್ಬ ಕೈದಿಯ ಮುಖವೂ ಇಲ್ಲ, ಇದೆಂಥಾ ಜೈಲಿನ ಫೋಟೋ ಮಾರಾಯ್ರೆ?"

ಬಿಡ್ತಾರೆ. ಪುಯೆರ್ಟೊ ಪ್ರಿನ್ಸೆಸಾ ಪಟ್ಟಣದ ಹೊರಗಿದೆ ಇವಾಹಿಗ್. ಗೇಟಿನಲ್ಲಿ ಹೆಸರು ಬರೆಸಿ ಒಳಗೆ ಹೋಗೋದು, ಅಷ್ಟೇ. ಮನಿಲಾದ ಬಿಲಿಬಿಡ್ ಜೈಲು ತುಂಬಿ ತುಳುಕುತ್ತಿದ್ದಾಗ, 1904ರಲ್ಲಿ, ಅಮೆರಿಕನ್ನರ ಆಳ್ವಿಕೆಯಲ್ಲಿ ಶುರುವಾದದ್ದು. ಸುತ್ತಲೂ ಗೋಡೆ ಕಾಣಲ್ಲ. ಸುಮಾರು 26,000 ಹೆಕ್ಟೇರ್ ಗದ್ದೆ, ತೆಂಗು, ಕಾಡು. ಯಾರು ಎಂಥ ಕೈದಿ ಅನ್ನೋದು ಅಂಗಿಯ ಬಣ್ಣದಲ್ಲೇ ಗೊತ್ತಾಗುತ್ತೆ: ಕಿತ್ತಳೆ ಅಂದ್ರೆ ಬಿಗಿ ಕಾವಲು, ನೀಲಿ ಮಧ್ಯಮ, ಕಂದು ಅಂದ್ರೆ ಗದ್ದೆಗೆ ಹೋಗಿ ದುಡಿಯುವಷ್ಟು ನಂಬಿಕೆ ಗಳಿಸಿದವರು. ನಮ್ಮ ದೇವನಹಳ್ಳಿ ತಾಲ್ಲೂಕಿನಲ್ಲೂ ಬಯಲು ಬಂದೀಖಾನೆ ಇದೆ, ಆದರೆ ಅಲ್ಲಿಗೆ ಯಾರೂ ಟೂರ್ ಹೋಗಲ್ಲ ಬಿಡಿ.

ಎರಡನೇ ಪ್ರಶ್ನೆಗೆ ಬರ್ತೀನಿ. 1924ರಲ್ಲಿ ಕಟ್ಟಿದ ಮನರಂಜನಾ ಭವನ ಒಂದಿದೆ. ಕೈದಿಗಳು ಮಾಡಿದ ಕೀಚೈನು, ಮರದ ಸಾಮಾನು ಅಲ್ಲಿ ಮಾರಾಟಕ್ಕಿರುತ್ತೆ. ಕಂದು ಅಂಗಿಯ ಒಬ್ಬ ತೆಂಗಿನ ಚಿಪ್ಪಿಗೆ ಉಪ್ಪುಕಾಗದ ಉಜ್ಜುತ್ತಾ ಕೂತಿದ್ದ. ಉಗುರಿನ ಸಂದಿಯಲ್ಲೆಲ್ಲ ಕಂದು ಪುಡಿ. ಒಬ್ಬ ಟೂರಿಸ್ಟ್ ಬಂದವನೇ ಹೆಗಲ ಮೇಲೆ ಕೈ ಹಾಕಿ, ಹೆಬ್ಬೆರಳು ಎತ್ತಿ ಸೆಲ್ಫಿ ಹೊಡ್ಕೊಂಡ. ಕೈದಿ ನಕ್ಕ. ನಕ್ಕು, ಕೀಚೈನಿನ ತಟ್ಟೆಯನ್ನ ಮುಂದೆ ಸರಿಸಿದ.

ಆ ನಗುವನ್ನ ನಾವು ಒಪ್ಪಿಗೆ ಅಂದ್ಕೊಳ್ತೀವಲ್ಲ, ನನ್ನ ತಕರಾರು ಅಲ್ಲೇ ಇರೋದು. ಫೋಟೋ ಬೇಡ ಅಂತ ಗಿರಾಕಿಗೆ ಹೇಳಿದ್ರೆ ವ್ಯಾಪಾರ ಹೋಯ್ತು. ಅವನ ಶಿಕ್ಷೆಗೆ ಒಂದು ಕೊನೆ ಇದೆ, ಇಂಟರ್ನೆಟ್ಟಿಗೆ ಹೋದ ಫೋಟೋಗೆ ಇಲ್ಲ. ಊರಿಗೆ ಮರಳಿ ಕೆಲಸ ಕೇಳೋಕೆ ಹೋದಾಗ ಯಾರದೋ ಪ್ರವಾಸದ ಆಲ್ಬಮ್ಮಿನಿಂದ ಕಂದು ಅಂಗಿ ಎದ್ದು ಬಂದ್ರೆ? ಇನ್ನೊಂದು ಕಡೆಯೂ ಇದೆ, ಅದನ್ನ ಯಾರೂ ಎತ್ತಲ್ಲ: ಅವನಿಂದ ನೋವುಂಡ ಮನೆಯವರು ಆ ಹೆಬ್ಬೆರಳಿನ ಸೆಲ್ಫಿ ನೋಡಿದ್ರೆ?

ಹಾಗಂತ ಕ್ಯಾಮೆರಾನೇ ಒಯ್ಯಬೇಡಿ ಅನ್ನೋ ಮಡಿವಂತಿಕೆ ನನಗಿಲ್ಲ. ಜೈಲು ಅಂದ್ರೆ ನಾವು ನೋಡಿರೋದು ಟೀವಿಯಲ್ಲಿ ಮುಖಕ್ಕೆ ಬಟ್ಟೆ ಹಾಕಿ ವ್ಯಾನಿಗೆ ಹತ್ತಿಸೋದು ಮಾತ್ರ. ಮೊಣಕಾಲುದ್ದ ಕೆಸರಲ್ಲಿ ನಿಂತು ದುಡಿಯೋ ಕೈದಿಯನ್ನೂ ಜನ ನೋಡಲಿ. ಅದಕ್ಕೇ ಕೈ, ಬೆನ್ನು, ತಂತಿಯ ಮೇಲೆ ಒಣಗೋ ಕಂದು ಅಂಗಿಗಳನ್ನ ತೆಗೆದೆ. ಅದೂ ಮೊದಲು ಸಾಮಾನು ಕೊಂಡು, ದುಡ್ಡು ಕೊಟ್ಟು, ಆಮೇಲೆ ಕೇಳಿ. ಆಗ ಬೇಡ ಅಂದ್ರೂ ಅವರಿಗೆ ನಷ್ಟ ಇಲ್ಲ. ಕೆಲವರು ಬೇಡ ಅಂದ್ರು ಕೂಡ. "ನೀನೇನು ಮಾಡಿ ಒಳಗೆ ಬಂದೆ" ಅಂತ ಮಾತ್ರ ಯಾರನ್ನೂ ಕೇಳಲಿಲ್ಲ. ಬಹಳ ಜನ ಕೇಳೋ ಮೊದಲ ಪ್ರಶ್ನೆನೇ ಅದು!

ಫೋಟೋಗ್ರಾಫರ್ ಗೆಳೆಯನೊಬ್ಬ ಜಗಳಕ್ಕೇ ಬಂದ. "ನೀನು ಮುಖ ಬಿಟ್ಟಿದ್ದಕ್ಕೂ, ಪೊಲೀಸರು ಬಟ್ಟೆ ಮುಚ್ಚೋದಕ್ಕೂ ಏನು ವ್ಯತ್ಯಾಸ? ಮನುಷ್ಯ ಅಂತ ತೋರಿಸೋಕೆ ಮುಖ ಬೇಡ್ವಾ?" ಮಾತಲ್ಲಿ ತೂಕ ಇದೆ, ಒಪ್ತೀನಿ. ಆದರೆ ಮುಖ ತೋರಿಸಬೇಕೋ ಬೇಡ್ವೋ ಅನ್ನೋದನ್ನ ಬಿಡುಗಡೆಯಾದ ಮೇಲೆ ಅವರೇ ತೀರ್ಮಾನಿಸಲಿ. ಅವರು ಹೂಂ ಅಂದ್ರೆ ಇನ್ನೊಂದು ಸಲ ಪಲಾವಾನ್‌ಗೆ ಹೋಗೋಕೆ ನನಗೇನೂ ಬೇಜಾರಿಲ್ಲ.